ಸಿರುಗುಪ್ಪದ ಗದ್ದೆಗೆ ಜಾಲಿಯ ರಸ

ಬಳ್ಳಾರಿಯ ಪಾರ್ವತಿನಗರದ ನನ್ನ ಬಾಡಿಗೆ ಕೋಣೆಯಿಂದ ನಸುಕಿನಲ್ಲೇ ಹೊರಟೆ. ಕೈಯಲ್ಲಿ ಬಳ್ಳಾರಿ ಜಾಲಿಯ ಸೊಪ್ಪು ಕುದಿಸಿ ಸೋಸಿದ ರಸದ ಡಬ್ಬಿ. ಎಪ್ಪತ್ತರ ದಶಕದ ಕೊನೆ. ಕೃಷಿ ಪದವಿ ಮುಗಿಸಿ ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ಜಾಲಿಯ ಬುಡದಲ್ಲಿ ಹುಲ್ಲು ಸರಿಯಾಗಿ ಹುಟ್ಟುವುದಿಲ್ಲ. ಆ ಗುಣ ಸೊಪ್ಪಿನ ರಸಕ್ಕೂ ಇದ್ದರೆ ಭತ್ತದ ಕಳೆಗೆ ಅದನ್ನೇ ಸಿಂಪಡಿಸಬಹುದಲ್ಲ ಎಂಬುದು ನನ್ನ ತರ್ಕ. ಸಿರುಗುಪ್ಪದ ಒಂದು ಗದ್ದೆಯ ಅರ್ಧಕ್ಕೆ ರಸ ಸಿಂಪಡಿಸಿ, ಉಳಿದರ್ಧವನ್ನು ಹಾಗೇ ಬಿಟ್ಟಿದ್ದೆ. ಎರಡರ ವ್ಯತ್ಯಾಸವನ್ನು ಮೇಲಧಿಕಾರಿ ಪಂಪಾಪತಿಯವರು ಅಂದು ಕಣ್ಣಾರೆ ಕಂಡರೆ ಪ್ರಯೋಗ ಮುಂದಿನ ಹಂಗಾಮಿಗೂ ನಡೆಯುತ್ತಿತ್ತು. ಇಲ್ಲವಾದರೆ ಅಲ್ಲಿಗೇ ಮುಗಿಯುತ್ತಿತ್ತು.

ಬಸ್ ನಿಲ್ದಾಣದಲ್ಲಿ ಪಂಪಾಪತಿಯವರು ಜೊತೆಯಾದರು. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಹಿಡಿದುಕೊಂಡ.

“ಡಬ್ಬಿಯೊಳಗ ಏನೈತ್ರಿ ಸರ? ಕುಡಿಯೋದಾದ್ರ ನಮಗೂ ಒಂದು ಗುಟುಕು ಇರಲಿ.”

“ಹೊಲದಾಗಿನ ಕಸ ಸಾಯಿಸೋ ಔಷಧ.”

“ವಾಸನಿಗೇ ಸಾಯ್ತಾವ ಬಿಡ್ರಿ.”

ಕೊಳಗಲ್ಲು ದಾಟಿ ಕುರುಗೋಡಿನಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಬಂಡೆಗಳ ಸಂದಿಯ ಜಾಲಿಗಳನ್ನು ನೋಡುತ್ತ ಪಂಪಾಪತಿಯವರು ಉತ್ಸಾಹದಿಂದಲೇ ಹೇಳಿದರು: “ಫರಕ್ ಕಂಡ್ರ ನಾನಾ ಮುಂದ ನಿಂತು ಮಂಜೂರು ಮಾಡಿಸ್ತೀನ್ರಿ.”

ಸಿರುಗುಪ್ಪ ಹತ್ತಿರವಾದಂತೆ ಕಾಲುವೆಯ ಹಸಿರು, ಅಕ್ಕಿ ಗಿರಣಿಗಳ ಹೊಗೆ. ಇಳಿದು ಕಾಲುವೆಯ ಏರಿಯ ಮೇಲೆ ನಡೆದೆವು. ಗದ್ದೆಯ ಒಡೆಯ ಈರಣ್ಣ ಗಿರಣಿಗೆ ಹೋಗಿದ್ದ. ಅವನ ಹೆಂಡತಿ ಗಂಗಮ್ಮ ಒಗೆದ ಸೀರೆಯುಟ್ಟು ಬದುವಿನ ಮೇಲೆ ಕಾಯುತ್ತಿದ್ದಳು.

ಗದ್ದೆ ಕಂಡು ನಾನು ನಿಂತುಬಿಟ್ಟೆ. ಎರಡೂ ಕಡೆ ಬರೀ ಭತ್ತ. ಹುಡುಕಿದರೂ ಕಳೆಯಿಲ್ಲ.

“ದೊಡ್ಡ ಸಾಹೇಬ್ರು ಬರ್ತಾರ ಅಂದ್ರು ಮನಿಯವ್ರು,” ಎಂದಳು ಗಂಗಮ್ಮ. “ಕಸ ಇಟ್ಕೊಂಡು ತೋರ್ಸಾಕ ನಾಚಿಕಿ ಆಗಂಗಿಲ್ಲೇನ್ರಿ? ಓಣಿ ಹೆಣ್ಮಕ್ಕಳ್ನ ಕರಕೊಂಡು ನಿನ್ನೆ ಪೂರಾ ಕಿತ್ವಿ.”

“ಎರಡೂ ಕಡೀನಾ?”

“ಮತ್ತ? ಅರ್ಧ ಬಿಟ್ರ ಏನು ಚಂದರಿ?”

ಪಂಪಾಪತಿಯವರು ಮೆಲ್ಲಗೆ ಕೇಳಿದರು: “ಕಿತ್ತಿದ್ದು ಎಲ್ಲೈತಿ ತಾಯಿ?”

“ಎಮ್ಮಿಗಿ ಹಾಕಿದ್ವಿರಿ. ಒಂದು ಎಸಳೂ ಬಿಡಲಿಲ್ಲ.”

“ಯಾವ ಕಡಿ ಕಮ್ಮಿ ಇತ್ತವ್ವಾ?” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಯಾವ ಕಡಿ ಅಂದ್ರ ನಿಮಗ ಒಳ್ಳೇದಾಗ್ತೈತಿ ಹೇಳ್ರಿ. ಅದನ್ನ ಹೇಳ್ತೀನಿ.”

ಪಂಪಾಪತಿಯವರು ನಕ್ಕರು. ಆಮೇಲೆ ನನ್ನತ್ತ ತಿರುಗಿದರು. “ಹೋದ ಸಲ ನೀವು ನೋಡಿದ್ರಲ್ಲ?”

“ರಸ ಬಿದ್ದ ಕಡೆ ಕಮ್ಮಿ ಇದ್ದಂಗ ನೆನಪು ಸರ್.”

“ನೆನಪನ್ನ ವರದ್ಯಾಗ ಬರ್ಯಾಕ ಬರಂಗಿಲ್ರಿ.”

ಕಮ್ಮಿ ಇದ್ದದ್ದನ್ನು ನಿಜಕ್ಕೂ ಕಂಡಿದ್ದೆನೋ, ಕಾಣುವ ಆಸೆಯಿಂದ ಹಾಗೆ ನೆನಪಾಗುತ್ತಿತ್ತೋ, ಹೇಳಲಾರೆ. ಕಳೆ ಕೀಳಬಾರದೆಂದು ಈರಣ್ಣನಿಗೆ ಹೇಳಿದ್ದು ಖಂಡಿತ. ದಿನವೂ ಗದ್ದೆಗಿಳಿಯುವ ಗಂಗಮ್ಮನಿಗೂ ಹೇಳಿದ್ದೆನೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆ ನೆನಪನ್ನು ನಾನು ನಂಬುವುದಿಲ್ಲ.

ಬೇವಿನ ನೆರಳಲ್ಲಿ ರೊಟ್ಟಿ, ಸೇಂಗಾ ಚಟ್ನಿ, ಮೊಸರು ಬಡಿಸಿದಳು. ಪ್ರಯೋಗ ಕೆಟ್ಟಿತೆಂದು ನಾವಿಬ್ಬರೂ ಆಕೆಗೆ ಹೇಳಲಿಲ್ಲ. ಹೊರಡುವಾಗ ಆಕೆಯೇ ಹೇಳಿದಳು:

“ಮುಂದಿನ ಸಲ ಬರೋದು ಮೊದ್ಲಾ ಹೇಳಿ ಕಳಸ್ರಿ. ಇನ್ನೂ ಚಂದ ಮಾಡಿ ಇಟ್ಟಿರ್ತೀವಿ.”

“ಆಗಲವ್ವಾ,” ಎಂದರು ಪಂಪಾಪತಿಯವರು.

ಏರಿ ಹತ್ತಿ ತಿರುಗಿ ನೋಡಿದೆ. ಗಂಗಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿ ಗದ್ದೆಗಿಳಿದು, ನಮ್ಮ ಕಣ್ಣಿಗೆ ಬೀಳದ ಯಾವುದೋ ಒಂದು ಎಸಳನ್ನು ಬಗ್ಗಿ ಕೀಳುತ್ತಿದ್ದಳು.