ಕೊನಿ ಯಾವ ಕಡಿ?

ದಾವಲಸಾಬ ಸರ್ ಜೊತೆ ಲಕ್ಷ್ಮೇಶ್ವರದ ಬಜಾರದಲ್ಲಿ ನಡೆಯುವುದೆಂದರೆ ಹತ್ತು ನಿಮಿಷದ ದಾರಿಗೆ ಅರ್ಧ ತಾಸು ಬೇಕು. ಎದುರು ಬಂದ ಗಾಡಿಯ ನಂಬರನ್ನೆಲ್ಲ ಅವರು ಎರಡೆರಡು ಸಲ ಓದುತ್ತಿದ್ದರು, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಎರಡೂ ಒಂದೇ ಆದರೆ ರಸ್ತೆಯ ನಡುವೆಯೇ ನಿಂತುಬಿಡುವರು. "ನೋಡವಾ ನೀಲಾ, ಐದು ಎಂಟು ಎಂಟು ಐದು! ಹ್ಯಾಂಗ ಹೋತೋ ಹಂಗ ತಿರುಗಿ ಬಂತು!" ಹಿಂದೆ ನಿಂತ ಟಂಟಂ ರಿಕ್ಷಾದವನು ಹಾರ್ನ್ ಬಾರಿಸಿ ಬೈದರೂ ಇವರಿಗೆ ಕಿವಿಯಿಲ್ಲ.

ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರೇ. ನಾನು ಮೊದಲೇ ಪುಕ್ಕಲಿ. "ಬಾರವಾ, ಬೋರ್ಡಿಗೆ ಬಾ" ಎಂದರೆ ಸಾಕು, ಬೆವರಿದ ಕೈಯಲ್ಲಿ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಸರ್ ಹೊಡೆದವರಲ್ಲ, ಬೈದವರೂ ಅಲ್ಲ. ತಪ್ಪಿದರೆ ಸುಮ್ಮನೆ ಕಾಯುತ್ತಿದ್ದರು. ಅದಕ್ಕಿಂತ ಎರಡು ಏಟು ಬಿದ್ದಿದ್ದರೆ ವಾಸಿಯಿತ್ತು.

ನಿವೃತ್ತರಾಗಿ ಕೆಲವು ವರ್ಷಗಳ ಮೇಲೆ ನನ್ನ ಝೆರಾಕ್ಸ್ ಅಂಗಡಿಗೆ ಬಂದು ಕೂತು, ಕಂಪ್ಯೂಟರ್ ಕಲಿಸು ಎಂದು ಹಟ ಹಿಡಿದರು. ನನಗೆ ಬರುತ್ತಿದ್ದದ್ದೇ ಅರೆಬರೆ. ಅಷ್ಟನ್ನು ಕಲಿತು, ಉಳಿದದ್ದನ್ನು ಪುಸ್ತಕ ನೋಡಿ ತಿಳಿದು, ಒಂದು ಪುಟ್ಟ ಪ್ರೋಗ್ರಾಂ ಬರೆದೇಬಿಟ್ಟರು. ಸಂಖ್ಯೆಯೊಂದನ್ನು ಕೊಟ್ಟರೆ, ಹಿಂದಿನಿಂದ ಓದಿದರೂ ಅದೇ ಬರುತ್ತದೆಯೇ ಎಂದು ನೋಡಿ ಅದು 'ಹೌದು' ಇಲ್ಲವೇ 'ಅಲ್ಲ' ಎನ್ನುತ್ತಿತ್ತು. ಅಷ್ಟೇ ಅದರ ಕೆಲಸ. ಸೊರಟೂರಿನ ಶಾಲೆಗೆ ಕೊಡುತ್ತೇನೆ, ಮಕ್ಕಳಿಗೊಂದು ಕೈಪಿಡಿ ಬರೆದುಕೊಡು ಎಂದರು. "ತಿಳದವ್ರಿಗೆ ಬರೀಬ್ಯಾಡ, ತಿಳೀಲಾರದವ್ರಿಗೆ ಬರಿ" ಎಂಬುದು ಅಪ್ಪಣೆ.

ನಾಲ್ಕು ಸಾಲು ಬರೆದೆ. ಸರ್ ಅದರಲ್ಲಿದ್ದಷ್ಟನ್ನೇ ಮಾಡಿ ನೋಡುತ್ತಿದ್ದರು. 'ಒಂದು ಸಂಖ್ಯೆ ಬರೆಯಿರಿ' ಎಂದಿತ್ತು. ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ೧೨೨೧ ಎಂದು ಬರೆದುಕೊಂಡು ಪರದೆ ನೋಡುತ್ತ ಕೂತರು. "ಬರದೆ. ಮುಂದ?" ನಾನು ಬಿದ್ದು ಬಿದ್ದು ನಕ್ಕೆ. 'ಕೀಲಿಮಣೆಯಲ್ಲಿ ಒತ್ತಿರಿ' ಎಂದು ತಿದ್ದಿದೆ. ಮುಂದಿನ ವಾರ ಆರಿದ ಕಂಪ್ಯೂಟರಿನ ಮುಂದೆ ಕಾಲು ತಾಸು ಕೂತಿದ್ದರು. "ಚಾಲೂ ಮಾಡಂತ ಎಲ್ಲೆ ಬರದೀ?" ನಿಜ, ಬರೆದಿರಲಿಲ್ಲ. ಎಂಥ ಪರೀಕ್ಷಕರಪ್ಪಾ ಎಂದು ಗೊಣಗುತ್ತ ಅದನ್ನೂ ಸೇರಿಸಿದೆ.

ಆಮೇಲೊಂದು ಮಧ್ಯಾಹ್ನ, 'ಉತ್ತರ ಸರಿಯೇ ಎಂದು ನೋಡಲು ಸಂಖ್ಯೆಯನ್ನು ಕೊನೆಯಿಂದ ಓದಿರಿ' ಎಂಬ ಸಾಲಿನ ಮೇಲೆ ಅವರ ಬೆರಳು ನಿಂತಿತು.

"ನೀಲಾ, ಕೊನಿ ಯಾವ ಕಡಿ?"

ಮತ್ತೆ ಚೇಷ್ಟೆ ಎಂದುಕೊಂಡು ನಗುತ್ತ ತಿರುಗಿದೆ. ಸರ್ ನಗುತ್ತಿರಲಿಲ್ಲ. ಅವರ ಮುಖದಲ್ಲಿದ್ದದ್ದು ಹೆದರಿಕೆ. ಅಂಗೈ ಮೇಲೆ ಬರೆದುಕೊಂಡದ್ದು ತಮಾಷೆಯಲ್ಲ, ಆರಿದ ಕಂಪ್ಯೂಟರಿನ ಮುಂದೆ ಕೂತದ್ದು ಪರೀಕ್ಷೆಯಲ್ಲ ಎಂದು ಆಗ ಹೊಳೆಯಿತು.

"ಕೈಪಿಡಿ ಶಾಲಿ ಹುಡುಗ್ರಿಗಲ್ಲವಾ, ನನಗ," ಎಂದರು. "ವಾರಕ್ಕೊಂದು ಮರ್ತು ಹೊಂಟೈತಿ. ಈ ಪ್ರೋಗ್ರಾಂ ಒಂದ ನನ್ನ ಕೈಲೆ ನಾ ಮಾಡಿದ್ದು. ಇದನ್ನ ನಡಸೂತನಕ ನಾ ಅದೀನಿ ಅಂತ ಗೊತ್ತಾಗತೈತಿ. ರೇಶ್ಮಾಗ ಹೇಳಬ್ಯಾಡ. ಅಕಿ ನೌಕರಿ ಬಿಟ್ಟು ನನ್ನ ಕಾಯಕೋತ ಕುಂಡ್ರತಾಳ."

ರೇಶ್ಮಾ ಅವರ ಮಗಳು, ಶಿರಹಟ್ಟಿಯ ಶಾಲೆಯಲ್ಲಿ ಟೀಚರ್. ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲೇ ಇವರು ನನ್ನ ಅಂಗಡಿಯಲ್ಲಿರುತ್ತಿದ್ದದ್ದು. ನಾನು ಹೇಳಲಿಲ್ಲ. ಹೇಳಿದರೆ ಸರ್ ಕುಗ್ಗಿಹೋಗುತ್ತಾರೆ, ಹೇಳದಿದ್ದರೆ ಏನು ಅನಾಹುತವೋ. ಅತ್ತ ದರಿ, ಇತ್ತ ಪುಲಿ. ಹನ್ನೊಂದಕ್ಕೆ ಅವರು ಬಾರದಿದ್ದರೆ ಗಿರಾಕಿಗಳನ್ನು ಬಿಟ್ಟು ರಸ್ತೆಗೆ ಬಂದು ನಿಲ್ಲುತ್ತಿದ್ದೆ. ಕೈಪಿಡಿಯಲ್ಲಿ 'ಕನ್ನಡಕ ಹಾಕಿಕೊಳ್ಳಿ' ಬಂತು. 'ಕುರ್ಚಿಯಲ್ಲಿ ಕುಳಿತುಕೊಳ್ಳಿ' ಬಂತು. ಒಂಬತ್ತನೆಯ ಪುಟದ ಕೆಳಗೆ 'ಅಡಚಣೆ ಬಂದರೆ ಈ ನಂಬರಿಗೆ ಫೋನ್ ಮಾಡಿ' ಎಂದು ನನ್ನ ನಂಬರ್ ಹಾಕಿದೆ. ಯಾವ ಅಡಚಣೆ ಎಂದು ಬರೆಯಲು ಧೈರ್ಯ ಬರಲಿಲ್ಲ.

ಒಂದು ದಿನ ಸರ್ ಬರಲೇ ಇಲ್ಲ. ಮನೆಗೆ ಹೋದರೆ ಬೀಗ. ಬಸ್ ಸ್ಟ್ಯಾಂಡಿನಲ್ಲೂ ಇಲ್ಲ. ಮೂರು ಗಂಟೆಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ಕೊರ್ಲಹಳ್ಳಿ ಚಾದಂಗಡ್ಯಾಂವ ಮಾತಾಡೋದ್ರಿ. ಇಲ್ಲೆ ಹೊಳಿ ದಂಡಿಗೆ ಒಬ್ರು ಹಿರ್ಯಾರು ಕುಂತಾರ್ರಿ. ಊರು ಕೇಳಿದ್ರ ಹೇಳವಲ್ರು. ಕಿಸೆದಾಗಿನ ಹಾಳ್ಯಾಗ ನಿಮ್ಮ ನಂಬರ ಐತಿ."

ಹೊಳೆ ಎಂಬ ಮಾತು ಕೇಳಿದ್ದೇ ಅಂಗಡಿಯ ಬಾಗಿಲು ಎಳೆದೆ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ರೇಶ್ಮಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು. "ಎಷ್ಟ್ ದಿನಾತು ನಿನಗ ಗೊತ್ತಾಗಿ?"

"ಆರ ತಿಂಗಳಾತು."

ಫೋನ್ ಇಟ್ಟಳು. ಬಾಡಿಗೆ ಗಾಡಿಯಲ್ಲಿ ಶಿರಹಟ್ಟಿಗೆ ಹೋಗಿ ಅವಳನ್ನು ಹತ್ತಿಸಿಕೊಂಡೆ. ಅಲ್ಲಿಂದ ಕೊರ್ಲಹಳ್ಳಿಗೆ ಧಾವಿಸಿದೆವು. ಸರ್ ಚಹಾದಂಗಡಿಯ ಬೆಂಚಿನ ಮೇಲಿದ್ದರು. ಧೋತರ ಮೊಣಕಾಲಿನವರೆಗೆ ತೊಯ್ದಿತ್ತು. "ಬಸ್ಸಿನ ನಂಬರ ಚಲೋ ಇತ್ತವಾ, ಹತ್ತಿದೆ," ಎಂದರು. ರೇಶ್ಮಾ ಅವರನ್ನು ತಬ್ಬಿಕೊಂಡು ಅತ್ತಳು. ನನ್ನ ಮುಖ ನೋಡಲಿಲ್ಲ.

ಅವಳು ನೌಕರಿಯನ್ನೇನೂ ಬಿಡಲಿಲ್ಲ. ಮುಂಡರಗಿಗೆ ವರ್ಗ ಮಾಡಿಸಿಕೊಂಡು, ಸೋದರತ್ತೆಯ ಮನೆಯ ಪಕ್ಕದಲ್ಲೇ ಮನೆ ಹಿಡಿದಳು. ಅಲ್ಲಿಗೆ ಹೋಗಲು ನಾಲ್ಕು ತಿಂಗಳು ನನಗೆ ಧೈರ್ಯ ಬರಲಿಲ್ಲ.

ಹೋದಾಗ ಸರ್ ಕಟ್ಟೆಯ ಮೇಲೆ ಕೂತು, ಮಡಿಕೆ ಮಡಿಕೆಗೂ ಹರಿದಿದ್ದ ಆ ಕೈಪಿಡಿಯನ್ನು ಓದುತ್ತಿದ್ದರು. ನನ್ನನ್ನು ಕಂಡು ಗಡಿಬಿಡಿಯಿಂದ ಎದ್ದು ಜಾಗ ಬಿಟ್ಟರು.

"ಬರ್ರಿ ಅಕ್ಕಾರ, ಕುಂಡ್ರಿ."

ಹೈಸ್ಕೂಲಿನಿಂದ ಇಲ್ಲಿಯವರೆಗೆ ನನ್ನನ್ನು ಏಕವಚನದಲ್ಲೇ ಕರೆದವರು. ಆ 'ರಿ' ಕೇಳಿ ಅಲ್ಲಿಂದ ಓಡಿಹೋಗಬೇಕೆನ್ನಿಸಿತು, ಅಷ್ಟು ಭಯವಾಯಿತು. ಆದರೂ ಕೂತೆ. ಸರ್ ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟರು.

"ಇದನ್ನ ಯಾರು ಬರದಾರೋ ಗೊತ್ತಿಲ್ರಿ. ಬಾಳ ಅಂಜಕೋತ ಬರದಾರ. ಓದಾಂವ ಎಲ್ಲೆ ಬೀಳ್ತಾನೋ ಅಂತ ಸಾಲಸಾಲಿಗೂ ಕೈ ಹಿಡದಾರ. ನಿಮಗ ಎಲ್ಲ್ಯರ ಭೆಟ್ಟಿ ಆದ್ರ ಹೇಳ್ರಿ, ಒಂದೂ ತಪ್ಪಿಲ್ಲ ಅಂತ."

"ಹೇಳ್ತೀನ್ರಿ ಸರ್," ಎಂದೆ.