ಭದ್ರಾವತಿಯಲ್ಲಿ ಇಳಿದುಬಿಟ್ಟ ಅಮೀರುನ್ನೀಸಾ

ಅಮೀರುನ್ನೀಸಾ ಹುಟ್ಟಿದ್ದು ಶಿವಮೊಗ್ಗದ ಕೋಟೆಯ ಹಿಂದಿನ ಓಣಿಯಲ್ಲಿ, ಮದುವೆಯಾಗಿ ಹೋದದ್ದು ಭದ್ರಾವತಿಗೆ. ಗಂಡ ಸಮೀವುಲ್ಲಾ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಸಾವಿರದ ಒಂಬೈನೂರ ಐವತ್ತರ ಸುಮಾರಿಗೆ ಅವನ ಅಣ್ಣ ಕರಾಚಿಯಿಂದ ಹೇಳಿ ಕಳಿಸಿದ: ಬಂದರಿನಲ್ಲಿ ಒಳ್ಳೆಯ ಕೆಲಸವಿದೆ, ಬಾ. ಅಮೀರುನ್ನೀಸಾಳನ್ನು ಯಾರೂ ಕೇಳಲಿಲ್ಲ. ಗಂಡ ಹೊರಟ, ಅವಳೂ ಹೊರಟಳು.

ಕರಾಚಿಯಲ್ಲಿ ಅವಳು ಬಾಯಿಬಿಟ್ಟರೆ ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರು. ಅವಳಾಡುವ ದಕ್ಷಿಣದ ಕಡೆಯ ದಖ್ನಿ ಅವರ ಕಿವಿಗೆ ಉರ್ದುವೇ ಅಲ್ಲ. ‘ಮದ್ರಾಸಿನವಳು’ ಎಂದೇ ಹೆಸರಾಯಿತು. ಮದ್ರಾಸನ್ನು ಅವಳು ಕಂಡೇ ಇರಲಿಲ್ಲ. ಮಾತು ಕಡಿಮೆ ಮಾಡಿದಳು. ಒಂದೂ ಬಸಿರು ನಿಲ್ಲಲಿಲ್ಲ. ಆಮೇಲೆ ಸಮೀವುಲ್ಲಾ ಕಾಮಾಲೆಯಲ್ಲಿ ತೀರಿಕೊಂಡ. ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್‌ನ ತಿಂಗಳುಗಳನ್ನು ಮುಗಿಸಿ, ಬೊಂಬಾಯಿಯ ಹಡಗು ಹತ್ತಿ, ಅವಳು ತಾಯಿ ರೋಶನ್ ಬೀ ಮನೆಗೆ ಬಂದಳು. ಕೈಯಲ್ಲಿದ್ದದ್ದು ಪಾಕಿಸ್ತಾನದ ಪಾಸ್‌ಪೋರ್ಟು. ಹುಟ್ಟಿದ ಊರಿನಲ್ಲಿ ಇರಲು ಅವಳಿಗೆ ಕೆಲವೇ ತಿಂಗಳ ಅನುಮತಿ. ಠಾಣೆಗೆ ಹೋಗಿ ಹಾಜರಿ ಹಾಕಬೇಕು.

“ಯಾವೂರಮ್ಮ?” ಹೆಡ್ ಕಾನ್‌ಸ್ಟೇಬಲ್ ಉಜ್ಜನಪ್ಪ ಕೇಳಿದ.

“ಇದೇ ಊರು ಸ್ವಾಮಿ. ಕೋಟೆ ಹಿಂದೆ.”

“ಅದು ನಂಗೂ ಗೊತ್ತು. ನಿಮ್ಮಪ್ಪನ ಅಂಗಡೀಲೇ ಸೈಕಲ್ ರಿಪೇರಿ ಮಾಡಿಸ್ತಿದ್ದೆ. ಬರ್ಕೊಳ್ಳೋಕೆ ಕೇಳ್ತಿರೋದು.”

“ನಿಮಗೆ ಸರಿ ಕಂಡಿದ್ದು ಬರ್ಕೊಳಿ,” ಎಂದಳು.

ಅನುಮತಿಯನ್ನು ಒಮ್ಮೆ ಮುಂದುವರಿಸಿದರು. ಮತ್ತೆ ಕೇಳಿದಾಗ ದೇಶ ಬಿಡಬೇಕೆಂದು ಆದೇಶ ಬಂತು. ರೋಶನ್ ಬೀ ಆಗಲೇ ಹಾಸಿಗೆ ಹಿಡಿದಿದ್ದಳು. ತಮ್ಮ ಖಾಜಾ ಪೀರ್ ಅಕ್ಕನನ್ನು ಬೀರೂರಿನ ರೈಲು ಹತ್ತಿಸಿದ. ಅಲ್ಲಿಂದ ಬೊಂಬಾಯಿ, ಮತ್ತೆ ಹಡಗು. ರೈಲು ಹೊರಡುವ ತನಕ ನಿಲ್ಲಲಾರದೆ ಅವನು ಹಿಂದಿರುಗಿದ.

ಭದ್ರಾವತಿಯಲ್ಲಿ ರೈಲು ನಿಂತಿತು. ಅಮೀರುನ್ನೀಸಾ ಟ್ರಂಕು ಎತ್ತಿಕೊಂಡು ಇಳಿದುಬಿಟ್ಟಳು. ಧೈರ್ಯದಿಂದಲ್ಲ, ಅಷ್ಟು ದೂರ ಇನ್ನೊಮ್ಮೆ ಹೋಗುವ ಶಕ್ತಿ ಮೈಯಲ್ಲಿರಲಿಲ್ಲ. ಹಿಂದೆ ತಾನಿದ್ದ ಕ್ವಾರ್ಟರ್ಸಿಗೆ ನಡೆದಳು. ಪಕ್ಕದ ಮನೆಯ ಪುಷ್ಪಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಅಯ್ಯೋ, ಅಮೀರಾ! ಎಷ್ಟು ಸೊರಗಿದೀಯೇ ಮಾರಾಯ್ತಿ!”

“ಪುಷ್ಪಕ್ಕ, ನನ್ನ ವಾಪಸ್ ಕಳಿಸ್ತಿದಾರೆ. ನಾನು ಇಳಿದುಬಿಟ್ಟೆ.”

“ಮೊದ್ಲು ಒಳಗೆ ಬಾ. ಊಟ ಮಾಡು.”

ಉಂಡು, ಅಲ್ಲೇ ಚಾಪೆಯ ಮೇಲೆ ಸಂಜೆಯವರೆಗೆ ನಿದ್ದೆಹೋದಳು. ಎದ್ದಾಗ ಪುಷ್ಪಮ್ಮನ ಗಂಡ ಮೂರ್ತಪ್ಪ ಕಾರ್ಖಾನೆಯಿಂದ ಬಂದಿದ್ದ. “ಬಚ್ಚಿಟ್ಕೊಂಡ್ರೆ ಕಷ್ಟ ಆಗತ್ತಮ್ಮ. ನಾವೇ ಹೋಗಿ ಹೇಳೋಣ,” ಎಂದ. ಮರುದಿನ ಮೂವರೂ ಶಿವಮೊಗ್ಗದ ಠಾಣೆಗೆ ಹೋದರು.

ಮೊಕದ್ದಮೆ ಆಯಿತು. ಯಾಕೆ ಹೋಗಲಿಲ್ಲವೆಂದು ನ್ಯಾಯಾಧೀಶರು ಕೇಳಿದರು.

“ಅಲ್ಲಿ ನನ್ನೋರು ಅಂತ ಯಾರೂ ಇಲ್ಲ ಸ್ವಾಮಿ. ಹೋಗು ಅಂದಾಗ ಹೋದೆ, ಬಾ ಅಂದಾಗ ಬಂದೆ. ಇನ್ನು ಆಗಲ್ಲ.”

ಆ ದಿನ ಕೋರ್ಟು ಮುಗಿದು ಏಳುವ ತನಕ ಅಲ್ಲೇ ಕೂರುವ ಶಿಕ್ಷೆಯನ್ನಷ್ಟೇ ಕೊಟ್ಟರು. ವಕೀಲರೊಬ್ಬರು ಅವಳ ಪೌರತ್ವಕ್ಕೆ ಅರ್ಜಿ ಹಾಕಿದರು. ಅದು ವರ್ಷಗಟ್ಟಲೆ ಎಳೆಯಿತು. ಅಷ್ಟೂ ಕಾಲ ಠಾಣೆಯ ಹಾಜರಿ ತಪ್ಪಲಿಲ್ಲ. ಆ ನಡುವೆ ರೋಶನ್ ಬೀ ಮಗಳ ಮಡಿಲಲ್ಲೇ ಕಣ್ಣು ಮುಚ್ಚಿದಳು.

ಅರವತ್ತಮೂರನೇ ಇಸವಿಯಲ್ಲಿ ಪೌರತ್ವ ಸಿಕ್ಕಿತು. ಕಚೇರಿಯಲ್ಲಿ ದೇಶನಿಷ್ಠೆಯ ಪ್ರಮಾಣ ಮಾಡಿ ಹೊರಬಂದಾಗ ಖಾಜಾ ಪೀರ್ ಮಿಠಾಯಿ ಹಿಡಿದು ನಿಂತಿದ್ದ. ಅವಳು ಚೂರು ಬಾಯಿಗಿಟ್ಟುಕೊಂಡು, “ಮನೆಗೆ ಹೋಗೋಣ, ಕಾಲು ನೋಯ್ತಿದೆ,” ಎಂದಳು.

ಮುಂದೆ ಭದ್ರಾವತಿಯಲ್ಲಿ ಒಂದು ಕೋಣೆ ಹಿಡಿದು, ರವಿಕೆ ಹೊಲಿದು ಬದುಕಿದಳು. ಕಾರ್ಮಿಕರ ಹೆಂಡಿರು, ತಮಿಳಿನವರು, ತೆಲುಗಿನವರು ಅವಳ ಗಿರಾಕಿಗಳು. ಅವರೂ ಎಲ್ಲಿಂದಲೋ ಬಂದವರು. ಅವಳ ಊರು ಯಾವುದೆಂದು ಕೆದಕುತ್ತಿರಲಿಲ್ಲ. ಓಣಿಯ ಮಕ್ಕಳು ಮಾತ್ರ ‘ಕರಾಚಿ ಬೀ’ ಎನ್ನುತ್ತಿದ್ದರು. ಮೊದಮೊದಲು ಅವಳು ತಿದ್ದುತ್ತಿದ್ದಳು. ಬರುಬರುತ್ತಾ ತಿದ್ದುವುದನ್ನು ಬಿಟ್ಟು, ಕರೆದಾಗ ‘ಏನು?’ ಎನ್ನತೊಡಗಿದಳು.