ಒರೆಸದೆ ಹಚ್ಚಿದ ಎರಡು ಕೆಂಪು ಬಿಲ್ಲೆ

1985ರ ದಸರೆಯ ಹೊತ್ತಿಗೆ ಕುಷ್ಟಗಿಯ ಬಸ್ ನಿಲ್ದಾಣದ ಹತ್ತಿರ ನಾನು ಬೋರ್ಡು ಬರೆಯುವ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿತ್ತು. ಮೊದಲ ಎಂಟು ವರ್ಷ ಬರೀ ಬ್ರಷ್ಷು, ಎನಾಮಲ್ ಪೇಂಟು. ಯಲಬುರ್ಗಾ, ಕೊಪ್ಪಳ, ಗಂಗಾವತಿಗೆಲ್ಲ ಬಸ್ಸಿನಲ್ಲಿ ಡಬ್ಬಿ ಹೊತ್ತುಕೊಂಡು ಹೋಗಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಲಾರಿ, ಸಾಲೆಯ ಗೋಡೆ, ಯಾವುದನ್ನೂ ಬಿಡದೆ ಬರೆದವನು ನಾನು. ಪೇಂಟರ್ ಹನುಮಂತಪ್ಪ ಎಂದರೆ ನಾಲ್ಕೂ ತಾಲೂಕಿನ ಡ್ರೈವರುಗಳಿಗೆ ಗೊತ್ತಿತ್ತು. ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಸೊಕ್ಕಿತ್ತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ಸ್ಟಿಕರ್ ಬಂತು. ಅದು ವಿನೈಲ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದರ ಬೆನ್ನಿಗೆ ಅಂಟು, ಅಂಟಿನ ಮೇಲೆ ಮೇಣದ ಕಾಗದದ ಹೊದಿಕೆ. ಬೆಳಕು ಬಿದ್ದಾಗ ಹೊಳೆಯುವ ಜಾತಿಯನ್ನು ನಮ್ಮ ಕಡೆ ಎಲ್ಲರೂ ರೇಡಿಯಂ ಎನ್ನುತ್ತಾರೆ. ಅದರಲ್ಲಿ ರೇಡಿಯಂ ಗುಲಗಂಜಿಯಷ್ಟೂ ಇಲ್ಲ ಎಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರರೊಬ್ಬರು ಅಂಗಡಿಗೆ ಬಂದು ಪಾಠ ಮಾಡಿ ಹೋದರು. ಅವರು ಹೋದ ಮೇಲೆ ನಾನು ಬೋರ್ಡಿನ ಮೇಲೆ ‘ಇಲ್ಲಿ ರೇಡಿಯಂ ಹಚ್ಚಲಾಗುವುದು’ ಎಂದು ದೊಡ್ಡದಾಗಿ ಬರೆದೆ.

ಹುಬ್ಬಳ್ಳಿಯಿಂದ ಹಾಳೆ ತರಿಸಿ ಕೈಯಿಂದಲೇ ಕತ್ತರಿಸಬೇಕಿತ್ತು. ಕೆಲಸ ಕಲಿಯುವಾಗ ನಾನು ಹಾಳು ಮಾಡಿದ ಹಾಳೆ ಹಾಸಿದರೆ ಒಂದು ಕೋಣೆ ತುಂಬೀತು. ದಾಡಿ ಬ್ಲೇಡನ್ನು ಅರ್ಧಕ್ಕೆ ಮುರಿದು, ಕೆಳಗೆ ಗಾಜು ಇಟ್ಟು, ಮೇಲಿನ ಹಾಳೆ ಮಾತ್ರ ಸೀಳುವಷ್ಟು ಒತ್ತಬೇಕು. ಮೇಣದ ಕಾಗದವೂ ಕತ್ತರಿಸಿಹೋಯಿತೋ, ಅಕ್ಷರ ಎತ್ತುವಾಗ ಚೂರುಚೂರಾಗುತ್ತದೆ. ಬ್ಲೇಡು ಮೊಂಡಾದರೆ ಅಂಚು ಹಲ್ಲುಹಲ್ಲಾಗುತ್ತದೆ, ಆದ್ದರಿಂದ ಬ್ಲೇಡಿನಲ್ಲಿ ಜಿಪುಣತನ ಮಾಡಬಾರದು. ಮೂಲೆಗಳನ್ನು ಚೂಪಾಗಿ ಬಿಡದೆ ತುಸು ದುಂಡಗೆ ಮಾಡಬೇಕು. ಯಾವ ಸ್ಟಿಕರೂ ನಡುವಿನಿಂದ ಏಳುವುದಿಲ್ಲ, ಮೂಲೆಯಿಂದಲೇ ಏಳುವುದು. ಹಚ್ಚುವಾಗ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿ ಹೊರಹಾಕಬೇಕು. ನಾನು ಮರದ ಫೂಟುಪಟ್ಟಿಗೆ ಹಳೆಯ ಧೋತರದ ಬಟ್ಟೆ ಸುತ್ತಿ ಒತ್ತುತ್ತಿದ್ದೆ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿದರಾಯಿತು. ಬಿಸಿಲಿಗೆ ಕಾದ ತಗಡಿನ ಮೇಲೆ ಮಾತ್ರ ಹಚ್ಚಬಾರದು, ಮುಟ್ಟಿದ ಕೂಡಲೇ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಬಿಡುವುದಿಲ್ಲ.

ಇದೆಲ್ಲದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಚ್ಚುವ ಜಾಗ ಸ್ವಚ್ಛವಿರಬೇಕು. ಧೂಳು ಇದ್ದರೆ ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾಣುವುದಿಲ್ಲ. ಸಾಬೂನಿನ ನೀರಿನಿಂದ ತೊಳೆದು, ಒಣಗಿಸಿ, ಒಂದು ಚಮಚ ನೀರು ಸುರಿದು ನೋಡಬೇಕು. ನೀರು ತೆಳ್ಳಗೆ ಹರಡಿಕೊಂಡರೆ ಸ್ವಚ್ಛವಾಗಿದೆ ಎಂದರ್ಥ. ಮಣಿಮಣಿಯಾಗಿ ನಿಂತರೆ ಎಣ್ಣೆಯಿದೆ, ಮತ್ತೆ ತೊಳೆಯಬೇಕು. ಎಣ್ಣೆಯ ಮೇಲೆ ಹಚ್ಚಿದ್ದು ಮೊದಲ ದಿನ ಕಲ್ಲಿನಂತೆ ಕೂತಿರುತ್ತದೆ. ವಾರ ಕಳೆದ ಮೇಲೆ ಒಂದೊಂದೇ ಅಂಚು ಬಿಡುತ್ತದೆ. ಇದನ್ನು ನಾನು ಬೇರೆಯವರಿಗೆ ಹೇಳಿಕೊಡುತ್ತಿದ್ದೆ.

ವರ್ಷದಲ್ಲೇ ನಮಗೆ ಹೆಚ್ಚು ಕೆಲಸ ಬರುವುದು ಆಯುಧ ಪೂಜೆಯ ದಿನ. ಆ ದಿನ ಎಲ್ಲರಿಗೂ ಗಾಡಿ ಮಿರಿಮಿರಿ ಮಿಂಚಬೇಕು. ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿತ್ತು. ಚಿಮಣಿ ಎಣ್ಣೆಗೆ, ಎಂದರೆ ಸೀಮೆಎಣ್ಣೆಗೆ, ತುಸು ಇಂಜಿನ್ ಆಯಿಲ್ ಬೆರೆಸಿ ಬಟ್ಟೆಯಿಂದ ತಿಕ್ಕಿದರೆ ಹತ್ತು ವರ್ಷದ ಹಳೆಯ ಟ್ರೇಲರ್ ಕೂಡ ಮದುಮಗನಂತೆ ಹೊಳೆಯುತ್ತಿತ್ತು. ಹಾಗೆ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದು ಪೂಜೆ ಮುಗಿಸಿಕೊಂಡು ಸ್ಟಿಕರಿಗಾಗಿ ನನ್ನ ಅಂಗಡಿಗೆ ಬರುತ್ತಿದ್ದರು. ಪೂಜೆಯಾದ ಗಾಡಿಯನ್ನು ಅಂದು ಒರೆಸಬಾರದು ಎನ್ನುವುದು ರೂಢಿ. ವಿಭೂತಿ, ಕುಂಕುಮ ತಾವಾಗಿಯೇ ಹೋಗಬೇಕು. ನಾನೂ ಅದೇ ಮಣ್ಣಿನವನು, ಆ ರೂಢಿ ನನಗೂ ಗೊತ್ತು.

ಆ ವರ್ಷ ಆಯುಧ ಪೂಜೆಯ ಮಧ್ಯಾಹ್ನ ಶೇಖರಗೌಡರ ಟ್ರ್ಯಾಕ್ಟರ್ ಬಂತು, ಜೊತೆಗೆ ಗೌಡರೂ ಬಂದಿದ್ದರು. ಗೌಡರು ಯಲಬುರ್ಗಾ ರಸ್ತೆಯ ಹಳ್ಳಿಯೊಂದರ ದೊಡ್ಡ ಹಿಡುವಳಿದಾರರು. ಟ್ರ್ಯಾಕ್ಟರ್ ನಡೆಸುತ್ತಿದ್ದವನು ಅವರ ಡ್ರೈವರ್ ದುರಗಪ್ಪ, ಸಾಧು ಮನುಷ್ಯ, ಬೀಡಿ ಬಿಟ್ಟರೆ ಬೇರೆ ಚಟವಿಲ್ಲ. ಟ್ರೇಲರಿನ ಹಿಂಬಾಗಿಲಿಗೆ ಎರಡು ಕೆಂಪು ರೇಡಿಯಂ ಬಿಲ್ಲೆ ಹಚ್ಚಬೇಕಿತ್ತು. ಆಗಿನ ಟ್ರೇಲರುಗಳಿಗೆ ಹಿಂದೆ ದೀಪ ಇರುತ್ತಿದ್ದದ್ದು ಅಪರೂಪ. ಹಿಂದಿನಿಂದ ಬರುವವನ ಗಾಡಿಯ ಬೆಳಕಿಗೆ ಹೊಳೆಯುವ ಆ ಬಿಲ್ಲೆಗಳೇ ಅದರ ಕಣ್ಣು.

ನಾನು ಹಿಂಬಾಗಿಲಿನ ಮೇಲೆ ಬೆರಳಾಡಿಸಿದೆ. ಬೆರಳು ಜಾರಿತು. ಸಾಬೂನಿನ ಬಕೀಟಿಗೆ ಕೈ ಹಾಕಿದ್ದೇ ತಡ, ಗೌಡರು ಗದರಿದರು.

‘ಹೇ ಹನುಮಂತಾ, ಪೂಜಿ ಆದ ಮ್ಯಾಲೆ ಒರಸ್ತಾರೇನೋ? ಮನಿಗೆ ಬಂದ ಲಕ್ಷ್ಮಿನ್ನ ಒರಸಿ ಕಳಿಸಿದಂಗ ಆಕ್ಕೈತಿ. ಹಂಗ ಹಚ್ಚು.’

ದುರಗಪ್ಪ ಮೆಲ್ಲಗೆ, ‘ಬನ್ನಿ ಮುಡದ ಮರುದಿನ ತೊಳಕೊಂಡು ತರ್ತೀನ್ರಿ ಗೌಡ್ರ, ಆವಾಗ ಹಚ್ಚಿಸೋಣು’ ಎಂದ.

‘ಹಬ್ಬದ ದಿನ ಬಂದು ಹಂಗ ಹೋಗೂದೇನು? ನೀ ಸುಮ್ಮನಿರು’ ಎಂದರು ಗೌಡರು. ದುರಗಪ್ಪ ಪಕ್ಕಕ್ಕೆ ಸರಿದು ನಿಂತ.

ನಾನು ಬಕೀಟಿನಿಂದ ಕೈ ತೆಗೆದೆ. ಹಿಂದೆ ಹನ್ನೊಂದು ಗಾಡಿಗಳು ಸಾಲಾಗಿ ನಿಂತಿದ್ದವು. ಇವತ್ತು ಆಗುವುದಿಲ್ಲ, ನಾಡಿದ್ದು ತನ್ನಿ ಎನ್ನಲು ನನಗೆ ಬಾಯಿತ್ತು. ಗೌಡರ ಮುಂದೆ ಅದು ತೆರೆಯಲಿಲ್ಲ. ವಿಭೂತಿ ಪಟ್ಟೆಯ ಅಕ್ಕಪಕ್ಕ ಒಂದೊಂದು ಬಿಲ್ಲೆ ಇಟ್ಟು, ಫೂಟುಪಟ್ಟಿಯಿಂದ ಎರಡು ಸಲ ಜೋರಾಗಿ ಒತ್ತಿದೆ. ಕೆಳಗೆ ಎಣ್ಣೆಯಿದೆ ಎಂದು ನನ್ನ ಕೈಗೆ ಗೊತ್ತಾಗುತ್ತಲೇ ಇತ್ತು. ‘ಛಲೋ ಕುಂತಾವ’ ಎಂದು ಗೌಡರು ಮೆಚ್ಚಿಕೊಂಡು ಹೋದರು.

ಮೂರು ವಾರದ ಮೇಲೆ ಒಂದು ಮುಂಜಾನೆ ಚಹಾದ ಅಂಗಡಿಯಲ್ಲಿ ಸುದ್ದಿ ಕೇಳಿದೆ. ಶೇಂಗಾ ಚೀಲ ಹೇರಿಕೊಂಡು ಬರುತ್ತಿದ್ದ ಗೌಡರ ಟ್ರೇಲರ್, ಕುಷ್ಟಗಿಯಿಂದ ನಾಲ್ಕು ಮೈಲು ದೂರದಲ್ಲಿ ಗಾಲಿ ಪಂಕ್ಚರ್ ಆಗಿ ರಸ್ತೆಯ ಮಗ್ಗುಲಿಗೆ ನಿಂತಿತ್ತು. ದುರಗಪ್ಪ ಗಾಲಿಗೆ ಕಲ್ಲು ಕೊಟ್ಟು, ಜಾಕ್ ತರಲು ಹತ್ತಿರದ ಹಳ್ಳಿಗೆ ನಡೆದು ಹೋಗಿದ್ದ. ಅದು ಹಿಂದಿನ ದಿನ ಸಂಜೆ, ಕತ್ತಲು ಕವಿದು ದೀಪ ಹಚ್ಚುವ ಹೊತ್ತು. ಪಶು ಆಸ್ಪತ್ರೆಯ ಕಾಂಪೌಂಡರ್ ಶರಣಪ್ಪನವರು ಯಾರದೋ ಎತ್ತಿಗೆ ಮದ್ದು ಮಾಡಿ ಮೊಪೆಡ್ ಮೇಲೆ ಊರಿಗೆ ಬರುತ್ತಿದ್ದವರು, ಟ್ರೇಲರಿನ ಹಿಂಬಾಗಿಲಿಗೆ ಹೋಗಿ ಬಡಿದಿದ್ದರು. ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಗಿತ್ತು. ನಲವತ್ತರ ಆಸುಪಾಸಿನ ಮನುಷ್ಯ. ಅವರ ಮೊಪೆಡ್ಡಿನ ನಂಬರು ಬರೆದವನು ನಾನೇ.

ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟೆ. ನೆಟ್ಟಗೆ ಪೊಲೀಸ್ ಠಾಣೆಗೆ ಹೋದೆ. ಟ್ರೇಲರನ್ನು ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು. ಹಿಂಬಾಗಿಲಿನ ಮೇಲೆ ಬಿಲ್ಲೆಗಳಿರಲಿಲ್ಲ. ಮೂರು ವಾರದ ಧೂಳು ಎಣ್ಣೆಗೆ ಮೆತ್ತಿಕೊಂಡು ಇಡೀ ಬಾಗಿಲು ಮಾಸಿತ್ತು. ಎರಡು ಕಡೆ ಮಾತ್ರ ಅಂಗೈಯಗಲದ ಗುಂಡನೆಯ ಗುರುತು, ಸುತ್ತಲಿಗಿಂತ ತುಸು ಕಡಿಮೆ ಮಾಸಿದ್ದು. ಪಂಚನಾಮೆ ಬರೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲ, ಬಿದ್ದರೂ ಅವರಿಗೆ ಏನು ತಿಳಿಯಬೇಕು? ‘ವಾಹನದ ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇರುವುದಿಲ್ಲ’ ಎಂದು ಬರೆದಿದ್ದರು. ನಾನು ಒಂದು ಗುರುತಿನ ಮೇಲೆ ಬೆರಳಿಟ್ಟು ಮೂಸಿದೆ. ಚಿಮಣಿ ಎಣ್ಣೆಯ ವಾಸನೆ ಇನ್ನೂ ಇತ್ತು.

ದುರಗಪ್ಪ ಲಾಕಪ್ಪಿನಲ್ಲಿದ್ದ. ನಾನು ಅವನ ಮುಖ ನೋಡದೆ ಅಂಗಡಿಗೆ ವಾಪಸ್ಸು ಬಂದೆ. ಮುಂದಿನ ನಾಲ್ಕು ದಿನ ಏನೂ ಆಗದವನಂತೆ ಒಂದು ಬಟ್ಟೆ ಅಂಗಡಿಯ ಬೋರ್ಡು ಬರೆದೆ. ಈಗ ನೆನಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಐದನೆಯ ದಿನ ದುರಗಪ್ಪನ ಹೆಂಡತಿ ಹುಲಿಗೆಮ್ಮ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

‘ಅಣ್ಣಾರ, ಬಿಲ್ಲಿ ಹಚ್ಚಿಸು ಅಂದ್ರೂ ಡ್ರೈವರ್ ಹಚ್ಚಿಸಲಿಲ್ಲ ಅಂತ ಗೌಡ್ರು ಠಾಣೇದಾಗ ಬರಸ್ಯಾರಂತ್ರಿ. ನಮ್ಮಾಂವ ನೀವು ಹಚ್ಚೀರಿ ಅಂತಾನ. ಹಚ್ಚೀರೋ ಇಲ್ಲೋ ಅಷ್ಟ ಹೇಳ್ರಿ.’

‘ಹಚ್ಚೀನವ್ವ.’

‘ಮತ್ಯಾಕ ಸುಮ್ಮನ ಕುಂತೀರಿ? ಅಂವಗ ಜೇಲ್ ಆದ್ರ ನಾವು ಎಲ್ಲಿಗೆ ಹೋಗೂನ್ರಿ?’

ಗೌಡರ ಲೆಕ್ಕಾಚಾರ ಸರಳವಾಗಿತ್ತು. ತಪ್ಪು ಡ್ರೈವರನದಾದರೆ ಅವರು ಪಾರು. ನಾನು ಬಾಯಿ ಬಿಟ್ಟರೆ ತಪ್ಪು ಮೊದಲು ನನ್ನ ಅಂಗಡಿಗೇ ಬರುತ್ತಿತ್ತು. ದುರಗಪ್ಪನ ಪರವಾಗಿ ನಿಜ ಹೇಳಬಲ್ಲವನು ನಾನೊಬ್ಬನೇ. ಬ್ರಷ್ಷು ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಅಂಗಿ ಹಾಕಿಕೊಂಡು ಅವಳ ಜೊತೆಗೇ ಹೊರಟೆ.

ಠಾಣೆಯ ಸಬ್ ಇನ್ಸ್‌ಪೆಕ್ಟರು, ನಮ್ಮ ಕಡೆಯ ಮಾತಿನಲ್ಲಿ ಫೌಜದಾರರು, ಊಟ ಮುಗಿಸಿ ಕೂತಿದ್ದರು. ನನ್ನ ಮಾತು ಕೇಳಿ ನಕ್ಕರು.

‘ಹಚ್ಚಿದ್ದು ಎಲ್ಲಿ ಹೋತು ಮತ್ತ? ರೆಕ್ಕಿ ಬಂದು ಹಾರಿ ಹೋತೇನು?’

‘ಎಣ್ಣಿ ಮ್ಯಾಲೆ ಹಚ್ಚಿದ್ನಿರಿ ಸಾಹೇಬ್ರ. ಉದುರಿ ಹೋಗ್ಯಾವು. ಉದುರ್ತಾವಂತ ನನಗ ಗೊತ್ತಿತ್ರಿ.’

ಅವರ ನಗು ನಿಂತಿತು. ನಾನು ಒಂದು ತಂಬಿಗೆ ನೀರು ಕೇಳಿ ಪಡೆದು ಅವರನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದೆ. ಅಂದು ಬೆಳಿಗ್ಗೆ ಸಾಬೂನು ಹಚ್ಚಿ ತೊಳೆದಿದ್ದ ಅವರ ಜೀಪಿನ ಬಾನೆಟ್ಟಿನ ಮೇಲೆ ಮೊದಲು ಸುರಿದೆ, ನೀರು ಹರಡಿಕೊಂಡಿತು. ಆಮೇಲೆ ಟ್ರೇಲರಿನ ಗುರುತಿನ ಮೇಲೆ ಸುರಿದೆ, ಮಣಿಮಣಿಯಾಗಿ ಉರುಳಿ ಕೆಳಗೆ ಬಿತ್ತು. ನನ್ನ ಹತ್ತಿರವಿದ್ದ ಅದೇ ಅಳತೆಯ ಬಿಲ್ಲೆಯನ್ನು ಗುರುತಿನ ಮೇಲೆ ಹಿಡಿದು ತೋರಿಸಿದೆ. ಸರಿಯಾಗಿ ಕೂತಿತು. ಫೌಜದಾರರು ಇನ್ನೊಂದು ಗುರುತಿನ ಮೇಲೆ ತಾವೇ ನೀರು ಸುರಿದು ನೋಡಿದರು. ಆಮೇಲೆ ರೈಟರನನ್ನು ಕರೆದು ನನ್ನ ಹೇಳಿಕೆ ಬರೆಸಿಕೊಂಡರು. ಗೌಡರು ಒರೆಸಬೇಡ ಎಂದದ್ದು, ದುರಗಪ್ಪ ಆಮೇಲೆ ತರುತ್ತೇನೆ ಎಂದದ್ದು, ನಾನು ಗೊತ್ತಿದ್ದೂ ಹಚ್ಚಿದ್ದು, ಎಲ್ಲವನ್ನೂ.

ಸಂಜೆಯಾಗುವುದರೊಳಗೆ ಗೌಡರಿಗೆ ಸುದ್ದಿ ಮುಟ್ಟಿತು. ಅಂಗಡಿಯ ಮುಂದೆ ನಿಂತು ಕೂಗಾಡಿದರು.

‘ದೇವರ ಪೂಜಿ ಮ್ಯಾಲೆ ಗೂಬಿ ಕುಂದ್ರಸ್ತಿಯೇನಲೇ? ನಾಲ್ಕೂ ತಾಲೂಕಿನ್ಯಾಗ ನಿನ್ನ ಅಂಗಡಿಗೆ ಒಂದು ಗಾಡಿ ಬರದಂಗ ಮಾಡ್ತೀನಿ.’

ಅರ್ಧದಷ್ಟು ಮಾಡಿಯೂ ತೋರಿಸಿದರು. ಅವರ ಬಳಗದ ಲಾರಿ, ಟ್ರ್ಯಾಕ್ಟರುಗಳೆಲ್ಲ ಬೇರೆ ಅಂಗಡಿ ಹಿಡಿದವು. ಮರುವರ್ಷದ ಆಯುಧ ಪೂಜೆಗೆ ನಾನು ಬಾಗಿಲಿಗೆ ಚೀಟಿ ಹಚ್ಚಿದೆ. ‘ಒರೆಸದ ಗಾಡಿಗೆ ಸ್ಟಿಕರ್ ಹಚ್ಚುವುದಿಲ್ಲ. ಬನ್ನಿ ಹಬ್ಬದ ಮರುದಿನ ಬರಬೇಕು.’ ಅದನ್ನು ಓದಿ ನಕ್ಕು ಹೋದವರೇ ಹೆಚ್ಚು. ಮರುದಿನ ಬಂದವು ಆರೇ ಗಾಡಿ. ಆರನ್ನೂ ತೊಳೆದು, ನೀರು ಸುರಿದು ನೋಡಿ ಹಚ್ಚಿದೆ.

ಕೇಸು ಎರಡು ವರ್ಷ ನಡೆಯಿತು. 1987ರಲ್ಲಿ ನನ್ನ ಸಾಕ್ಷಿಯ ಸರದಿ ಬಂತು. ಸರ್ಕಾರಿ ವಕೀಲರು ‘ಬೀಳುತ್ತದೆ ಎಂದು ತಿಳಿದಿದ್ದೂ ಹಚ್ಚಿದಿರಾ?’ ಎಂದು ಕೇಳಿದರು. ‘ಹೌದ್ರಿ’ ಎಂದೆ. ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ನನ್ನ ಮೇಲೆ ಯಾರೂ ಕೇಸು ಹಾಕಲಿಲ್ಲ. ಒರೆಸದೆ ಹಚ್ಚುವುದು ಯಾವ ಕಲಮಿನಲ್ಲೂ ಬರುವುದಿಲ್ಲ ಮಾರಾಯಾ ಎಂದು ದುರಗಪ್ಪನ ವಕೀಲರು ನನ್ನ ಬೆನ್ನು ತಟ್ಟಿದರು. ಆ ಮಾತು ಕೇಳಿ ನನಗೆ ಹಗುರವೆನಿಸಿತ್ತು, ಸುಳ್ಳೇಕೆ ಹೇಳಲಿ.

ದುರಗಪ್ಪನಿಗೆ ಖುಲಾಸೆಯಾಯಿತು. ಅಷ್ಟರಲ್ಲಿ ಅವನು ಗೌಡರ ಕೆಲಸವನ್ನೂ ಕಳೆದುಕೊಂಡು, ಸ್ಟೀರಿಂಗ್ ಹಿಡಿಯುವ ಧೈರ್ಯವನ್ನೂ ಕಳೆದುಕೊಂಡು, ಕಲ್ಲಿನ ಕ್ವಾರಿಗೆ ಕೂಲಿ ಹೋಗುತ್ತಿದ್ದ. ಮುಂದೆಯೂ ಅವನು ಯಾವ ಗಾಡಿಯನ್ನೂ ನಡೆಸಲಿಲ್ಲ. ತೀರ್ಪು ಬಂದ ದಿನ ಕೋರ್ಟಿನ ಅಂಗಳದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, ‘ನೀವು ದೊಡ್ಡವರ್ರಿ’ ಎಂದ. ನಾನು ಅದನ್ನು ತುಸು ಹೆಮ್ಮೆಯಿಂದಲೇ ಕೇಳಿಸಿಕೊಂಡೆ.

ಅಲ್ಲೇ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಎದ್ದು ನನ್ನ ಹತ್ತಿರ ಬಂದರು. ತೀರಿಕೊಂಡ ಕಾಂಪೌಂಡರ್ ಶರಣಪ್ಪನವರ ಹೆಂಡತಿ, ಗಂಗಮ್ಮ.

‘ರೇಡಿಯಂ ಹಚ್ಚಿದವ್ರು ನೀವ ಏನ್ರಿ?’

‘ಹೌದ್ರಿ ಅಕ್ಕಾರ.’

‘ನೀವು ಅವತ್ತ ಒರಸಿ ಹಚ್ಚಿದ್ರ ನಮ್ಮ ಮನಿಯವ್ರು ಉಳೀತಿದ್ರೇನ್ರಿ?’

ಕೋರ್ಟಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ನಾನು ಸುಳ್ಳು ಹೇಳಲಿಲ್ಲ.

‘ಉಳೀತಿದ್ರು ಅನಸ್ತೈತ್ರಿ.’

ಅವರು ಅಳಲಿಲ್ಲ, ಬೈಯಲೂ ಇಲ್ಲ. ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದರು.

‘ಫೌಜದಾರ್ರಿಗೆ ಹೇಳೀರಿ. ಜಜ್ಜರಿಗೆ ಹೇಳೀರಿ. ನಮ್ಮ ಮನಿ ನಿಮ್ಮ ಅಂಗಡಿಯಿಂದ ಮೂರು ಓಣಿ ಆಚಿ ಐತ್ರಿ. ಎರಡು ವರ್ಷದಾಗ ಒಂದಿನ ಬಂದು ನನಗ ಹೇಳಾಕ ಆಗಲಿಲ್ಲೇನ್ರಿ? ಅವರು ಜೋರು ಹೊಡೀತಿದ್ರೋ, ಕುಡಿದಿದ್ರೋ ಅಂತ ಮಂದಿ ಅಂದದ್ದನ್ನೆಲ್ಲ ಕೇಳಕೋತ ಕುಂತೀನ್ರಿ ನಾನು.’

ನಾನು ‘ತಪ್ಪಾತ್ರಿ’ ಎನ್ನುವಷ್ಟರಲ್ಲಿ ಅವರು ಬಸ್ಸಿನ ಕಡೆಗೆ ನಡೆದಿದ್ದರು.

ಮೂವತ್ತಕ್ಕೂ ಹೆಚ್ಚು ವರ್ಷ ಬೋರ್ಡು, ಸ್ಟಿಕರ್ ಕೆಲಸ ಮಾಡಿ ಈಗ ಅಂಗಡಿ ಬಿಟ್ಟಿದ್ದೇನೆ. ಕೇಳಿಕೊಂಡು ಬರುವ ಹೊಸಬರಿಗೆ ಬ್ಲೇಡು ಹಿಡಿಯುವುದು, ಜಾಗ ಒರೆಸುವುದು, ನೀರು ಸುರಿದು ನೋಡುವುದು ಎಲ್ಲ ಹೇಳಿಕೊಡುತ್ತೇನೆ. ಕೊನೆಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಯಾರ ಕೈಯ ಕೆಲಸವೂ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟ ದಿನ ಠಾಣೆಗೂ ಹೋಗು, ಕೋರ್ಟಿಗೂ ಹೋಗು, ಆದರೆ ಅದರಿಂದ ನೊಂದವರ ಮನೆಗೆ ಮೊದಲು ಹೋಗು. ನಾನು ಆ ಮೂರು ಓಣಿ ದಾಟಿ ಗಂಗಮ್ಮನವರ ಮನೆಗೆ ಹೋದದ್ದು ಕೋರ್ಟಿನ ಮರುದಿನ. ಬಾಗಿಲಿಗೆ ಬೀಗ ಹಾಕಿತ್ತು. ಅವರು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರು, ಇನ್ನು ಈ ಊರಿಗೆ ಬರುವುದಿಲ್ಲವಂತೆ ಎಂದು ಪಕ್ಕದ ಮನೆಯವರು ಹೇಳಿದರು.